ಜಗದೇವಿ ಹಿಟ್ಟು ನಾದಿದ ಶ್ರಾವಣ

ಕಳೆದ ತಿಂಗಳು ಹುಮನಾಬಾದಿನಲ್ಲಿ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ತಂಗಿದ್ದೆ. ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು ಪೂಜೆ ಮುಗಿಸುವ ಹೊತ್ತಿಗೆ ಒಳಗಿನಿಂದ ಒಂದು ವಾಸನೆ ತೇಲಿಬಂತು. ಜೋಳದ ಹಿಟ್ಟಿನ ಮೇಲೆ ಕುದಿಯುವ ಎಸರು ಬಿದ್ದಾಗ ಏಳುವ ವಾಸನೆ ಅದು. ಮೊದಲ ಮಳೆಗೆ ನಮ್ಮ ಎರೆಭೂಮಿ ಬಿಡುವ ಉಸಿರಿಗೂ ಅದಕ್ಕೂ ದೂರದ ನೆಂಟಸ್ತನವಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಜಪಮಾಲೆ ಕೈಯಲ್ಲಿಯೇ ನಿಂತಿತು. ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷಗಳಾಗಿದ್ದಾಗಿನ ಒಂದು ಶ್ರಾವಣ, ಬಸವಕಲ್ಯಾಣದ ನಮ್ಮ ಮಠದ ದಾಸೋಹದ ಮನೆ, ಅಲ್ಲಿ ಹೊಗೆಯ ನಡುವೆ ಕುಳಿತಿದ್ದ ಕೆಲವು ತಾಯಂದಿರು, ಮೊಣಕೈತನಕ ಹಿಟ್ಟು ಮೆತ್ತಿಕೊಂಡ ಒಬ್ಬ ಹೆಣ್ಣುಮಗಳು, ಎಲ್ಲರೂ ಒಮ್ಮೆಲೇ ಕಣ್ಣೆದುರು ಬಂದು ಕುಳಿತರು.

ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದ ಮೇಲೆ ಮಠದ ಹಿರಿಯರು ದಾಸೋಹದ ಉಸ್ತುವಾರಿಯನ್ನು ನನಗೆ ವಹಿಸಿದ್ದರು. ಅಡುಗೆಯ ವಿದ್ಯೆ ನನಗೆ ತಿಳಿಯದು. ಉಗ್ರಾಣದ ಕೀಲಿ, ಪಂಕ್ತಿಯ ಶಿಸ್ತು, ಒಲೆ ಹೊತ್ತಿಸುವ ಮುನ್ನಿನ ಪ್ರಾರ್ಥನೆ ಇಷ್ಟು ನನ್ನವು. ಉಳಿದುದೆಲ್ಲ ಕಾಶೀಬಾಯಿಯದು. ನಾರಾಯಣಪುರದ ಕಾಶೀಬಾಯಿ ಗಂಡನನ್ನು ಕಳೆದುಕೊಂಡ ಮೇಲೆ ಮಠದ ಓಣಿಯಲ್ಲಿಯೇ ಮನೆ ಮಾಡಿಕೊಂಡು, ರೊಟ್ಟಿ ಬಡಿಯುವುದನ್ನೇ ತನ್ನ ಪೂಜೆಯಾಗಿಸಿಕೊಂಡಿದ್ದಳು. ಕೊಹಿನೂರ, ಹುಲಸೂರ ಮೊದಲಾದ ಊರುಗಳ ಕಡೆಯಿಂದ ಸೇವೆಗೆ ಬರುವ ಹೆಣ್ಣುಮಕ್ಕಳು ಆಕೆಯ ಸುತ್ತ ಅರ್ಧಚಂದ್ರದಂತೆ ಕುಳಿತು, ಸ್ನಾನ ಮಾಡಿದ ಮಡಿಯಲ್ಲಿ, ಹೊತ್ತೇರುವವರೆಗೆ ಬಡಿಯುತ್ತಿದ್ದರು. ಆ ಕೈಗಳ ಸದ್ದು ಹೊರಗಿನ ಅಂಗಳಕ್ಕೆ ಕೇಳಿಸುತ್ತಿತ್ತು. ದೂರದಿಂದ ಬಂದ ಯಾತ್ರಿಕರು ಆ ಸದ್ದನ್ನು ಕೇಳಿ, ಇವತ್ತು ರೊಟ್ಟಿ ಉಂಟು ಎಂದು ಸಮಾಧಾನದಿಂದ ಕಟ್ಟೆಯ ಮೇಲೆ ಕೂರುತ್ತಿದ್ದರು.

ಆದರೆ ಬಡಿಯುವ ಕೈಗಳಿಗೆ ವಯಸ್ಸಾಗುತ್ತಿತ್ತು. ಶ್ರಾವಣ ಸೋಮವಾರಗಳಲ್ಲಿ ಜನ ಏರಿದಂತೆ ಕೊನೆಯ ಪಂಕ್ತಿಗೆ ರೊಟ್ಟಿ ಸಾಲುತ್ತಿರಲಿಲ್ಲ. ಮಠದ ಸಮಿತಿಯ ಅಧ್ಯಕ್ಷರಾದ ಗುರುಲಿಂಗಪ್ಪನವರು ತೊಗರಿಯ ಅಡತಿ ವ್ಯಾಪಾರಿಗಳು, ಮಿತಭಾಷಿಗಳು, ದಾಸೋಹಕ್ಕೆ ಕೈಬಿಚ್ಚಿ ಕೊಡುವವರು. ಆ ಬೇಸಗೆಯಲ್ಲಿ ಅವರು ನನ್ನನ್ನು ಕರೆದು ಹೇಳಿದರು:

“ಮಾಸ್ತರ್ರ, ಮೊದಲ ಪಂಕ್ತಿಗಿ ರೊಟ್ಟಿ, ಕೊನೀ ಪಂಕ್ತಿಗಿ ಇಲ್ಲ ಅಂದ್ರ ಅದು ದಾಸೋಹ ಹ್ಯಾಂಗ ಆಯ್ತು? ಈ ಶ್ರಾವಣ ನೋಡೂಣು. ಸರಿ ಹೋಗಲಿಲ್ಲಂದ್ರ ಮುಂದ ಎಲ್ಲಾರಿಗೂ ಅನ್ನ-ಸಾರು. ಭೇದ ಬ್ಯಾಡ.”

ಅವರ ಮಾತಿನಲ್ಲಿ ಧರ್ಮವಿತ್ತು, ಅಲ್ಲಗಳೆಯಲಾಗಲಿಲ್ಲ. ಕಾಶೀಬಾಯಿಗೆ ತಿಳಿಸಿದಾಗ ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಿ, ಅದು ಉಬ್ಬಿ ಇಳಿಯುವುದನ್ನು ನೋಡಿದಳು.

“ಅನ್ನ ತಾನಾ ಕುದಿತದ್ರಿ. ಅದಕ ನಾ ಯಾಕ ಬೇಕು?” ಎಂದಳು ಆಮೇಲೆ. “ದೇವರಿಗಿ ಕೊಡಾಕ ನನ್ನ ಹಂತ್ಯಾಕ ಇವೆರಡ ಕೈ ಅವ, ಮಾಸ್ತರ್ರ. ಮತ್ತೇನೂ ಇಲ್ಲ.”

ಆ ಮಾತು ನನ್ನನ್ನು ಹುಮನಾಬಾದಿನವರೆಗೆ ನಡೆಸಿತು. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಖಾದರ್ ಸಾಹೇಬರದೊಂದು ಕಬ್ಬಿಣದ ಕಾರ್ಖಾನೆಯಿತ್ತು. ಬಿತ್ತುವ ಕೂರಿಗೆ, ಕಬ್ಬಿನ ಗಾಡಿಯ ಅಚ್ಚು, ಬಾಗಿಲು, ಕಿಟಕಿ ಏನನ್ನಾದರೂ ಮಾಡಿಕೊಡುವವರು. ಅವರ ತಂದೆ ನಮ್ಮ ಮಠದ ದೊಡ್ಡ ಹಂಡೆಗಳಿಗೆ ಹಿಡಿಕೆ ಕೂಡಿಸಿದವರು. ನನ್ನ ಮಾತು ಕೇಳಿ ಸಾಹೇಬರು, “ದಾಸೋಹದ ಕೆಲಸ ಅಂದಮ್ಯಾಲ ಇಲ್ಲ ಅನ್ನಾಕ ಬರ್ತದೇನ್ರಿ” ಎಂದರು. ಕಾರಹುಣ್ಣಿಮೆ ಕಳೆದ ಮೇಲೆ ರೊಟ್ಟಿ ಒತ್ತುವ ಯಂತ್ರವೊಂದು ಟೆಂಪೋದಲ್ಲಿ ಬಂದಿಳಿಯಿತು. ಎರಡು ಉಕ್ಕಿನ ತಟ್ಟೆ, ಮೇಲೊಂದು ಉದ್ದನೆಯ ಹಿಡಿಕೆ. ಉಂಡೆಯಿಟ್ಟು ಹಿಡಿಕೆ ಒತ್ತಿದರೆ ರೊಟ್ಟಿ. ನಾನು ವಿಭೂತಿ ಹಚ್ಚಿ, ಕಾಯಿ ಒಡೆದು, ಮಂತ್ರಪೂರ್ವಕವಾಗಿ ಅದನ್ನು ದಾಸೋಹಕ್ಕೆ ಅರ್ಪಿಸಿದೆ. ಸಾಹೇಬರು ಹದಿನೈದು ದಿನ ಬಿಟ್ಟು ತಮ್ಮ ಗುಮಾಸ್ತನನ್ನು ಕಳಿಸಿದರು. ಆತ ಅಡುಗೆಮನೆಯ ಬಾಗಿಲ ಹೊರಗೆ ಕಾಗದ ಹಿಡಿದು ನಿಂತು ಒಬ್ಬೊಬ್ಬರನ್ನೇ ಕೇಳಿದ.

“ಹ್ಯಾಂಗ ಅದರಿ ಮಷೀನು?”

“ಛಲೋ ಅದರಿ.”

“ತ್ರಾಸ ಏನಾರ?”

“ದೇವರ ಕೆಲಸದಾಗ ಏನ್ ತ್ರಾಸ್ರಿ.”

ಎಲ್ಲರ ಉತ್ತರವೂ ಒಂದೇ ಆಗಿತ್ತು. ಗುಮಾಸ್ತ ಸಂತೋಷದಿಂದ ಪ್ರಸಾದ ಉಂಡು ಹೊರಟುಹೋದ.

ಶ್ರಾವಣ ಹುಟ್ಟುವ ಮುನ್ನಿನ ನಾಗರ ಅಮಾವಾಸ್ಯೆಯ ದಿನ ಜಡಿಮಳೆ ಹಿಡಿದಿತ್ತು. ಹುಮನಾಬಾದಿನ ಬಸ್ಸಿನಿಂದ ಇಳಿದು, ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು, ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದ ಒಬ್ಬ ಹೆಣ್ಣುಮಗಳು ಮಠದ ಬಾಗಿಲಲ್ಲಿ ನಿಂತಿದ್ದಳು. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು. ಕೊಹಿನೂರದ ಒಕ್ಕಲು ಮನೆಯವಳು, ಹೆಸರು ಜಗದೇವಿ. ಪಾಲಿಟೆಕ್ನಿಕ್ ಓದಿ ಖಾದರ್ ಸಾಹೇಬರ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ತೆಗೆಯುವ, ಬೇಕಾದರೆ ತಾನೇ ಕತ್ತರಿಸಿ ಬೆಸೆಯುವ ಕೆಲಸದಲ್ಲಿದ್ದಳು. ರೊಟ್ಟಿಯ ಯಂತ್ರ ಆಕೆಯ ಕೈಯದೇ.

“ಎಲ್ಲಾರೂ ಛಲೋ ಅಂದಾರಂತ್ರಿ ಮಾಸ್ತರ್ರ,” ಎಂದಳು. “ನಾ ಇಲ್ಲೀತನಕ ಮಾಡಿದ ಯಾವ ಮಷೀನಿಗೂ ಎಲ್ಲಾರೂ ಛಲೋ ಅಂದಿಲ್ಲ. ಅದಕ ನೋಡಿ ಹೋಗೂಣಂತ ಬಂದೆ.”

ಒಳಗೆ ಕರೆದೊಯ್ದೆ. ಹೆಂಗಸರು ಎಂದಿನಂತೆ ಕೈಯಲ್ಲಿಯೇ ಬಡಿಯುತ್ತಿದ್ದರು. ಯಂತ್ರ ಈಶಾನ್ಯದ ಮೂಲೆಯಲ್ಲಿ ಮಣೆಯ ಮೇಲಿತ್ತು. ಹಿಡಿಕೆಗೆ ಸೇವಂತಿಗೆಯ ಮಾಲೆ, ಹಣೆಯೆನ್ನಬಹುದಾದಲ್ಲಿ ಮೂರೆಳೆಯ ವಿಭೂತಿ, ಮುಂದೆ ಉರಿಯುತ್ತಿರುವ ಊದುಬತ್ತಿ. ತಟ್ಟೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು.

“ದಿನಾ ಪೂಜಿ ಮಾಡ್ತೀವಿ ಯವ್ವಾ,” ಎಂದಳು ಕಾಶೀಬಾಯಿ, ನಿಮ್ಮ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದೇವೆ ಎಂದು ತೌರಿನವರಿಗೆ ಹೇಳುವ ಅತ್ತೆಯ ಧಾಟಿಯಲ್ಲಿ.

ಜಗದೇವಿ ಬಹಳ ಹೊತ್ತು ಅದನ್ನು ನೋಡಿದಳು. “ರೊಟ್ಟಿ?” ಎಂದಳು.

“ಮಾಡ್ತದಲ್ಲ. ಮುಂಜಾನೆ ಒಂದ್ ಹತ್ತು ಒತ್ತತೀವಿ.”

“ಯಾರು ತಿಂತಾರ?”

ಹುಲಸೂರ ಕಡೆಯ ಶರಣಮ್ಮ ಎಂಬ ಮಾತಿನಮಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಮಠದ ಆಕಳಿಗಿ ಭಾಳ ಸೇರ್ತಾವ ನೋಡ್ರಿ,” ಎಂದಳು. “ಈಗೀಗ ನಮ್ಮ ಕೈರೊಟ್ಟಿ ಮೂಸೂದಿಲ್ಲ ಅದು.”

ನಾನು ನಾಚಿ ನೆಲ ನೋಡಿದೆ. ಜಗದೇವಿಯೋ ಹೊಟ್ಟೆ ಹಿಡಿದು ನಕ್ಕಳು. ಆ ನಗೆಯಲ್ಲಿ ಕಹಿಯಿರಲಿಲ್ಲ. ತನ್ನ ಕೈಯ ಕೆಲಸ ಸೋತಿದೆ ಎಂದು ತಿಳಿದ ಕ್ಷಣದಲ್ಲಿ ಮುಖ ಅರಳಿದ ಇನ್ನೊಬ್ಬರನ್ನು ನಾನು ಆ ಮೊದಲಾಗಲಿ ಆಮೇಲಾಗಲಿ ಕಂಡಿಲ್ಲ.

ಆ ಯಂತ್ರ ಒತ್ತಿದ ರೊಟ್ಟಿಯ ಅಂಚು ಬಿರಿಯುತ್ತಿತ್ತು, ತಟ್ಟೆಗೆ ಅಂಟುತ್ತಿತ್ತು, ಎತ್ತುವಾಗ ಹರಿಯುತ್ತಿತ್ತು. ಇಷ್ಟನ್ನು ಆಕೆ ತಾನೇ ಒತ್ತಿ ನೋಡಿ ತಿಳಿದುಕೊಂಡಳು. ಆದರೆ ಯಾಕೆ ಯಾರೂ ಹೇಳಲಿಲ್ಲ ಎನ್ನುವುದು ಆಕೆಗೆ ಬಿಡಿಸದ ಗಂಟಾಗಿತ್ತು. ಕಟ್ಟೆಯ ಮೇಲೆ ಕುಳಿತು ಅದನ್ನು ನಾನು ಬಿಡಿಸಿದೆ. ದಾಸೋಹದ ಮನೆಗೆ ಅರ್ಪಿತವಾದ ಯಾವುದಕ್ಕೂ ಇಲ್ಲಿ ದೋಷ ಎಣಿಸುವುದಿಲ್ಲ. ಅರ್ಪಿಸಿದ ಬೇಳೆ ಬೇಯದಿದ್ದರೂ ಬೇಯಲಿಲ್ಲ ಎನ್ನುವುದಿಲ್ಲ, ಇನ್ನೊಂದಿಷ್ಟು ಸೌದೆ ಇಡುತ್ತಾರೆ. ಕಾಯಿ ಒಡೆದು ವಿಭೂತಿ ಹಚ್ಚಿದ ಮೇಲೆ ಅದು ಖಾದರ್ ಸಾಹೇಬರ ಯಂತ್ರವಲ್ಲ, ಸ್ವಾಮಿಯದು. ಸ್ವಾಮಿಯ ಸ್ವತ್ತನ್ನು ಯಾವ ಬಾಯಿಂದ ಹಳಿಯುವುದು?

ಜಗದೇವಿ ಕೇಳಿ ಮುಗಿಸಿ, ಮಳೆ ನಿಂತ ಅಂಗಳದಲ್ಲಿ ಅತ್ತಿಂದಿತ್ತ ಎರಡು ಸಲ ನಡೆದಳು.

“ಹಂಗಾರ ಮಾಸ್ತರ್ರ, ಮುಂದ ನಾ ತರೂದಕ್ಕ ಪೂಜಿ ಬ್ಯಾಡ್ರಿ. ಮತ್ತ ನಾ ಹುಮನಾಬಾದದಾಗ ಕುಂತು ಮಾಡಾಂಗಿಲ್ಲ. ಇಲ್ಲೇ ಮಾಡ್ತೀನಿ.”

“ಇಲ್ಲಿ? ಕಬ್ಬಿಣದ ಕೆಲಸ?”

“ಕಬ್ಬಿಣ ಕೊನಿಗಿರಿ. ಮೊದಲ ತಗಡು, ಹಲಗಿ, ಹಗ್ಗ. ಕಬ್ಬಿಣ ಖರ್ಚಾದಮ್ಯಾಲ ಯಾರಿಗೂ ಬ್ಯಾಡ ಅನ್ನಾಕ ಮನಸ್ಸು ಬರೂದಿಲ್ಲ. ಮಾಡಿದ ನನಗೂ ಬರೂದಿಲ್ಲ. ಕೇಳಾಕ ಒಬ್ರು, ಮಾಡಾಕ ಒಬ್ರು ಆದ್ರ ನಡುವಿನ ದಾರಿಯಾಗ ಮಾತು ಎಲ್ಲೋ ಉದುರಿ ಹೋಗ್ತದ್ರಿ. ನಾ ಇಲ್ಲೇ ನೋಡ್ತೀನಿ, ಇಲ್ಲೇ ಕಟ್ಟತೀನಿ, ಇಲ್ಲೇ ಬೈಸ್ಕೋತೀನಿ.”

ಪೂಜೆಯಿಲ್ಲದ ವಸ್ತು ದಾಸೋಹದ ಮನೆಯೊಳಗೆ ಬರುವುದು ನನಗೆ ಸುಲಭವಾಗಿ ಒಪ್ಪಿಗೆಯಾಗುವ ಮಾತಾಗಿರಲಿಲ್ಲ. ಮರುದಿನ ಬೆಳಗಿನ ಪೂಜೆಯಲ್ಲಿ ಕುಳಿತಾಗ ದಾರಿ ಹೊಳೆಯಿತು. ಒಲೆ ಹೊತ್ತಿಸುವ ಮುನ್ನ ಎಲ್ಲ ತಾಯಂದಿರನ್ನೂ ಕರೆದು ಹೇಳಿದೆ:

“ನಾರಾಯಣಪುರದ ಶಿವಾಲಯವನ್ನು ಕಟ್ಟಿದ ಶಿಲ್ಪಿ ಕಲ್ಲಿನ ಮೇಲೆ ಕಾಲಿಟ್ಟೇ ಕೆತ್ತಿರಬೇಕು. ಮೂಗು ಡೊಂಕಾದರೆ ಡೊಂಕೆಂದು ಪಕ್ಕದವರು ಹೇಳಿರಬೇಕು. ಪ್ರತಿಷ್ಠೆಯಾಗುವವರೆಗೆ ಅದು ಶಿಲ್ಪಿಯ ಕಲ್ಲು. ಉಳಿಯ ಪೆಟ್ಟು ಬಿದ್ದರೆ ಪಾಪವಿಲ್ಲ, ಬೀಳದಿದ್ದರೆ ದೇವರು ಮೂಡುವುದಿಲ್ಲ. ಈ ಮಗಳು ಇನ್ನು ತರುವುದನ್ನು ನಾನು ಅರ್ಪಿಸುವುದಿಲ್ಲ. ನಾನು ಅರ್ಪಿಸುವವರೆಗೆ ಅದು ಆಕೆಯ ಕಲ್ಲು. ಅದರ ದೋಷ ಹೇಳುವುದು ಇವತ್ತಿನಿಂದ ನಿಮ್ಮ ಸೇವೆ.”

ಕಾಶೀಬಾಯಿ ಮೂಲೆಯ ಯಂತ್ರದ ಕಡೆಗೆ ಕಣ್ಣು ಹೊರಳಿಸಿದಳು. “ಮತ್ತ ಇದರ ಹಣಿಗಿ ಹಚ್ಚಿದ ಈಬತ್ತಿ?”

“ಅದನ್ನು ಉಗ್ರಾಣದಲ್ಲಿ ಗೌರವದಿಂದ ಇಡೋಣ.”

ಆಕೆ ತಲೆಯಾಡಿಸಿದಳು. ನಾಲಿಗೆ ಮಾತ್ರ ಅಷ್ಟು ಬೇಗ ಸಡಿಲಗೊಳ್ಳಲಿಲ್ಲ. ಜಗದೇವಿ ಹಲಗೆಯಿಂದ ಮಾಡಿದ ಇನ್ನೊಂದು ಒತ್ತುಮಣೆಯನ್ನು ತಂದಾಗ ಹೆಂಗಸರು ಮೊದಲು ನನ್ನ ಮುಖವನ್ನೇ ನೋಡಿದರು. ನಾನು ಎದ್ದು ಹೊರಗೆ ಹೋದೆ. ಬಾಗಿಲ ಆಚೆ ನಿಂತಾಗ ಶರಣಮ್ಮನ ದನಿ ಕೇಳಿತು: “ತಂಗೀ, ಇದರ ಹಿಡಿಕಿ ಎತ್ತಾಕ ನಮ್ಮ ಮನಿಯ ಎತ್ತು ಕರ್ಕೊಂಡು ಬರಬೇಕು.” ನಗೆ ಎದ್ದಿತು. ಅದರ ಹಿಂದೆಯೇ ಇನ್ನೊಂದು ಮಾತು, ಮತ್ತೊಂದು. ಒಡ್ಡು ಬಿಟ್ಟ ನೀರಿನಂತೆ ಎಷ್ಟೋ ದಿನಗಳ ಮಾತು ಹರಿಯಿತು. ಹೊರಗೆ ನಿಂತ ನನಗೆ ವೇದಘೋಷ ಕೇಳಿದಷ್ಟು ತೃಪ್ತಿಯಾಯಿತು ಎಂದರೆ ಅತಿಶಯವಲ್ಲ.

ಆಗ ಜಗದೇವಿ ಮಾಡಿದ ಕೆಲಸವನ್ನು ನಾನು ಇಂದಿಗೂ ಬೆರಗಿನಿಂದ ನೆನೆಯುತ್ತೇನೆ. ಅಷ್ಟು ಮಾತು ಸಿಕ್ಕಮೇಲೆ ಬೇರೆ ಯಾರಾದರೂ ಅದನ್ನು ಕಟ್ಟಿಕೊಂಡು ಕಾರ್ಖಾನೆಗೆ ಓಡುತ್ತಿದ್ದರು. ಆಕೆ ಓಡಲಿಲ್ಲ. ಸ್ನಾನ ಮಾಡಿ, ಮಡಿಯುಟ್ಟು, ಕಾಶೀಬಾಯಿಯ ಎಡಗಡೆಗೆ ಕುಳಿತು ಎಸರು ಹಾಕುವ ಕೆಲಸ ಹಿಡಿದಳು. ಒಂದಿಡೀ ಮುಂಜಾನೆ ಏನನ್ನೂ ಕೇಳಲಿಲ್ಲ. ನೋಡಿದಳು. ಮಧ್ಯಾಹ್ನ ನನ್ನ ಬಳಿಗೆ ಬಂದು ಮೆಲ್ಲಗೆ ಹೇಳಿದಳು:

“ಮಾಸ್ತರ್ರ, ಕಾಶೀಬಾಯಿ ಆಯಿ ರೊಟ್ಟಿ ಬಡಿವಾಗ ಹಾಡಾಕತ್ತಿರ್ತಾರ. ಹಿಟ್ಟು ನಾದೂ ಮುಂದ ಹಾಡು ನಿಲ್ತದ. ನಾದಿ ಮುಗಿಸಿದ ಕೂಡಲೆ ಎಡಗೈ ಬಲಹೆಗಲಿಗಿ ಹೋಗ್ತದ. ಎಲ್ಲಾರದೂ ಹಂಗೇ. ಅವರಿಗೇ ಅದು ಗೊತ್ತಿಲ್ಲ.”

ಕಾಶೀಬಾಯಿಯನ್ನು ಕೇಳಿದರೆ ಆಕೆ ನಂಬಲಿಲ್ಲ. “ಬಡಿಯೂದಕ್ಕ ಕೈ ನೋಯ್ತದ. ನಾದೂದು ಏನು, ಅದು ಸಣ್ಣ ಹುಡುಗ್ಯಾರ ಕೆಲಸ,” ಎಂದಳು. ಮರುದಿನ ಜಗದೇವಿ ತಾನೇ ನಾದಲು ಕುಳಿತಳು. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ, ಅದು ಆರುವ ಮೊದಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ಮಿದ್ದಬೇಕು. ಆರಿದರೆ ರೊಟ್ಟಿ ಬಿರಿಯುತ್ತದೆ. ಹೊತ್ತೇರುವಷ್ಟರಲ್ಲಿ ಆಕೆಯ ಅಂಗೈ ಕೆಂಪಾಗಿ ಊದಿತ್ತು. ಸಂಜೆ ಹುಮನಾಬಾದಿಗೆ ಹೊರಟಾಗ ಬಸ್ಸಿನ ಕಂಬಿ ಹಿಡಿಯಲು ಬಲಗೈ ಮೇಲೇಳಲಿಲ್ಲ. ಕಂಡಕ್ಟರ ಏನಾಯಿತು ಎಂದು ಕೇಳಿದರೆ, “ಬಿದ್ದಿಲ್ಲಪ್ಪ, ಸೇವಾ ಮಾಡೀನಿ” ಎಂದಳಂತೆ.

ಶ್ರವಣ, ಮನನ, ನಿದಿಧ್ಯಾಸನ, ಅಂದರೆ ಕೇಳುವುದು, ವಿಚಾರಿಸುವುದು, ಅದರಲ್ಲಿಯೇ ನೆಲೆಗೊಳ್ಳುವುದು ಎಂದು ನಾವು ಪಾಠ ಹೇಳುವಾಗ ಒಂದು ಮುಗಿದ ಮೇಲೆ ಇನ್ನೊಂದು ಎನ್ನುವಂತೆ ಹೇಳುತ್ತೇವೆ. ಈ ಮಗಳಲ್ಲಿ ಅವು ಒಂದೇ ಮುಂಜಾನೆಯೊಳಗೆ ಒಂದಕ್ಕೊಂದು ಹೆಣೆದುಕೊಂಡು ನಡೆಯುತ್ತಿದ್ದವು. ಕೇಳುತ್ತಲೇ ಕೆತ್ತುವಳು, ಕೆತ್ತುತ್ತಲೇ ತಿಳಿಯುವಳು, ತಿಳಿದ ಕೂಡಲೆ ಕೆತ್ತಿದ್ದನ್ನು ಅಳಿಸುವಳು. ಗ್ರಂಥಗಳಲ್ಲಿ ಓದಿದ್ದ ಸಾಧನೆಯ ಕ್ರಮವನ್ನು ನಾನು ಕಣ್ಣಾರೆ ಕಂಡದ್ದು ಒಂದು ಅಡುಗೆಮನೆಯಲ್ಲಿ.

ಒತ್ತುವ ಯಂತ್ರ ಬೇಡ, ನಾದುವ ಯಂತ್ರ ಬೇಕು ಎಂಬ ಮಾತನ್ನು ಸಾಹೇಬರಿಗೆ ತಿಳಿಸಲು ನಾನೂ ಜೊತೆಗೆ ಹೋದೆ. ಕಾರ್ಖಾನೆಯ ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು, ಕೂಗಿ ಮಾತಾಡಬೇಕಿತ್ತು. ಹೊಸ ಒತ್ತುಮಣೆಗಾಗಿ ಸಾಹೇಬರು ಆಗಲೇ ಉಕ್ಕು ಕೊಯ್ಯಿಸಿ ಇಟ್ಟಿದ್ದರು.

“ಅರೇ ಬೇಟಿ, ರೊಟ್ಟಿ ಮಷೀನ್ ಕೇಳಿದ್ರು, ರೊಟ್ಟಿ ಮಷೀನ್ ಕೊಟ್ಟೀವಿ. ಈಗ ಹಿಟ್ಟಿನ ಮಷೀನ್ ಅಂತೀ. ನಾಳಿಗಿ ಒಲಿ ಮಷೀನ್ ಅಂತಿದಿ, ನಾಡದ ಹಸಿವಿನ ಮಷೀನ್ ಅಂತಿದಿ.”

“ಅವರು ಕೇಳಿದ್ದು ರೊಟ್ಟಿ ಮಷೀನ್ರಿ ಚಾಚಾ. ಅವರಿಗಿ ಬೇಕಾದ್ದು ಹೆಗಲು.”

“ಅದು ನಿನಗ ಯಾರು ಹೇಳಿದ್ರು?”

ಜಗದೇವಿ ಬಲಗೈಯನ್ನು ಎತ್ತಲು ಹೋದಳು. ಅರ್ಧಕ್ಕೆ ನಿಂತಿತು. ಸಾಹೇಬರು ಆ ಕೈಯನ್ನೂ ಅಂಗೈಯ ಊತವನ್ನೂ ನೋಡಿ, ನನ್ನ ಕಡೆಗೆ ತಿರುಗಿದರು. “ಮಾಸ್ತರ್, ಇಕಿ ನನ್ನ ಕಾರ್ಖಾನಿ ಮುಚ್ಚಸ್ತಾಳ. ತಗೋ, ಯಾ ಡ್ರಮ್ಮು ಬೇಕು ತಗೋ. ಶ್ರಾವಣ ಮುಗಿಯೂತನಕ ಅಷ್ಟ. ಆಮ್ಯಾಲ ನಿಮ್ಮ ಅಧ್ಯಕ್ಷರು ಅನ್ನ ಅಂದ್ರ ನಾನೂ ಅನ್ನ ಅಂತೀನಿ.”

ಹೀಗೆ ಆ ಶ್ರಾವಣ ಸೋಮವಾರದಿಂದ ಸೋಮವಾರಕ್ಕೆ ಉರುಳತೊಡಗಿತು. ಸೋಮವಾರ ಆಕೆ ನಮ್ಮಲ್ಲಿ, ಜನರ ಗದ್ದಲದ ನಡುವೆ. ಮಂಗಳವಾರ ಹುಮನಾಬಾದಿನಲ್ಲಿ ಬೆಸುಗೆ. ವಾರದ ನಡುವೆ ಬಸ್ಸಿನ ಮಾಡಿನ ಮೇಲೆ ಏನಾದರೊಂದು ಕಟ್ಟಿಕೊಂಡು ಮತ್ತೆ ಪ್ರತ್ಯಕ್ಷ. ಮೊದಲು ಬಂದದ್ದು ತಗಡಿನ ಡ್ರಮ್ಮಿನೊಳಗೆ ಮರದ ಒಂದು ತೋಳು. ಅದು ಹಿಟ್ಟನ್ನು ಒಂದೇ ಕಡೆಗೆ ತಳ್ಳಿ ಗುಡ್ಡ ಮಾಡಿತು. ಎರಡನೆಯದಕ್ಕೆ ಎರಡು ತೋಳು, ಮೇಲೊಂದು ವಿದ್ಯುತ್ತಿನ ಮೋಟಾರು. ಅದರ ಅಬ್ಬರಕ್ಕೆ ಹಿಟ್ಟು ಗೋಡೆಗೆ ಹಾರಿತು.

“ಇದು ನಾದಾಕತ್ತಿಲ್ಲ ಜಗದೇವಿ,” ಎಂದಳು ಕಾಶೀಬಾಯಿ, ಕೆನ್ನೆಯ ಹಿಟ್ಟು ಒರೆಸಿಕೊಳ್ಳುತ್ತ. “ಜಗಳಾ ಮಾಡಾಕತ್ತದ. ಹಿಟ್ಟಿನ ಜೋಡಿ ಯಾರಾರ ಹಿಂಗ ಜಗಳಾಡ್ತಾರೇನು?”

ಕಾಶೀಬಾಯಿಯ ಬಾಯಿಂದ ಬಂದ ಮೊದಲ ದೂಷಣೆ ಅದು. ಜಗದೇವಿ ಪ್ರಸಾದ ಸ್ವೀಕರಿಸುವವಳಂತೆ ತಲೆಬಾಗಿ ಕೇಳಿದಳು. ಆಮೇಲೆ ಆಯಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಹಿಟ್ಟಿನ ಮೇಲೆ ಅದು ಹೇಗೆ ಒತ್ತಿ, ಸ್ವಲ್ಪ ಜಾರಿ, ಮಡಚಿ, ಮತ್ತೆ ಒತ್ತುತ್ತದೆ ಎನ್ನುವುದನ್ನು ಕಣ್ಣುಮುಚ್ಚಿ ಅನುಸರಿಸಿದಳು. ಮೂರನೆಯ ತೋಳು ತಿರುಗುವುದರ ಜೊತೆಗೆ ಒತ್ತಿ ಜಾರುವುದನ್ನೂ ಕಲಿತು ಬಂತು. ಹಿಟ್ಟು ಬಿಸಿಯಲ್ಲಿಯೇ ಹದಕ್ಕೆ ಬಂತು. ಕಾಶೀಬಾಯಿ ಒಂದು ಉಂಡೆ ಮುರಿದು, ಬೆರಳಲ್ಲಿ ತಿಕ್ಕಿ ನೋಡಿ, ಪರಾತಿನ ಅಗಲ ತಟ್ಟೆಗೆ ಹಾಕಿಕೊಂಡು ಬಡಿಯತೊಡಗಿದಳು.

ಸಂತೋಷ ಪಡುವಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಮಾತೇ ಹಾಗೆ. ಒಮ್ಮೆ ಹೋದರೆ ಬರುವ ಹೊತ್ತು ಯಾರಿಗೂ ತಿಳಿಯದು. ಡ್ರಮ್ಮಿನಲ್ಲಿ ಹಿಟ್ಟು ಆರಿತು, ಬಿರಿಯಿತು, ಆಕಳ ಪಾಲಾಯಿತು. ಕೊನೆಯ ಸೋಮವಾರಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಅಂದು ಸಮಿತಿಯವರೆಲ್ಲ ಪಂಕ್ತಿಯಲ್ಲಿ ಕೂರುವವರಿದ್ದರು. ಕೊನೆಯ ಪಂಕ್ತಿಗೆ ರೊಟ್ಟಿ ಮುಟ್ಟದಿದ್ದರೆ ಮಾತು ಮುಗಿದಂತೆ. ಕಾಶೀಬಾಯಿ ಹಂಚನ್ನು ಒರೆಸಿ ಕವುಚಿ ಇಡುವಾಗ, ಇನ್ನು ಇದು ಎಷ್ಟು ದಿನ ಎನ್ನುವಂತೆ ಅದರ ಬೆನ್ನ ಮೇಲೆ ಕೈಯಾಡಿಸಿದ್ದನ್ನು ಜಗದೇವಿಯೂ ನೋಡಿದಳು, ನಾನೂ ನೋಡಿದೆ.

ಆ ಮಧ್ಯಾಹ್ನ ಜಗದೇವಿ ಅಡುಗೆಮನೆ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಯಾತ್ರಿಕರ ನಡುವೆ ಕುಳಿತಳು. ಊಟದ ಕರೆಗಾಗಿ ಕಾಯುವವರು ಸುಮ್ಮನೆ ಕೂರಲಾರರು. ಒಬ್ಬ ಮುದುಕ ಬಂದು, “ಏನಾರ ಸೇವಾ ಇದ್ರ ಕೊಡ್ರಿ, ಪುಕ್ಕಟೆ ಉಣ್ಣಾಕ ಮನಸ್ಸು ಒಲ್ಲದು” ಎಂದು ನನ್ನನ್ನು ಕೇಳಿದ. ದಿನವೂ ಯಾರಾದರೂ ಕೇಳುವ ಮಾತದು. ಉಸ್ತುವಾರಿಯ ನನ್ನನ್ನು ಬಿಟ್ಟರೆ ಗಂಡಸರಿಗೆ ಅಡುಗೆಮನೆಯೊಳಗೆ ಪ್ರವೇಶವಿಲ್ಲವಾದ್ದರಿಂದ ನಾನು ದಿನವೂ ಕಸಬರಿಗೆ ತೋರಿಸಿ ಕಳಿಸುತ್ತಿದ್ದೆ. ಜಗದೇವಿ ಆ ಮುದುಕನನ್ನೂ ಗೋಡೆಯಲ್ಲಿದ್ದ ಕಿಟಕಿಯನ್ನೂ ಒಂದಾದ ಮೇಲೊಂದು ನೋಡಿದಳು.

“ಮಾಸ್ತರ್ರ, ಕಿಟಕಿಯ ಒಂದು ಸರಳು ತೆಗೆದ್ರ ಮಠದೋರು ಬೈತಾರೇನ್ರಿ?”

ಭಾನುವಾರ ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಸಾಹೇಬರೇ ಖುದ್ದಾಗಿ ಬಂದು ನಿಂತಿದ್ದರು. ಡ್ರಮ್ಮು ಒಳಗೆ, ಮಡಿಯಲ್ಲಿ. ಅದರ ಕಬ್ಬಿಣದ ದಂಡ ಕಿಟಕಿಯನ್ನು ಹಾದು ಹೊರಗೆ ಬಂದಿತ್ತು. ಹೊರಗಡೆ, ಕಟ್ಟೆಯ ಮೇಲೆ, ಕಬ್ಬಿನ ಗಾಣದ ಹಳೆಯ ಚಕ್ರ. ಕರೆಂಟಿನ ಹಂಗಿರಲಿಲ್ಲ. ಗಂಡಸರು ಹೊರಗೆ ತಿರುಗಿಸಿದರೆ ಒಳಗೆ ಹಿಟ್ಟು ನಾದುತ್ತಿತ್ತು. ಮಡಿಯೂ ಕೆಡಲಿಲ್ಲ, ಸೇವೆಯೂ ತಪ್ಪಲಿಲ್ಲ.

ಕೊನೆಯ ಸೋಮವಾರ ಬೆಳಗಿನಿಂದಲೇ ಮಳೆ. ಕರೆಂಟು ಇರಲಿಲ್ಲ, ಅದು ಯಾರ ಗಮನಕ್ಕೂ ಬರಲಿಲ್ಲ. ಕಟ್ಟೆಯ ಮೇಲೆ ಚಕ್ರಕ್ಕೆ ಸರದಿ ಹತ್ತಿತು. ಹುಲಸೂರದ ಕಡೆಯವರು ಬಿಟ್ಟರೆ ಹುಮನಾಬಾದಿನವರು. ನಡುವೆ ಮರಾಠಿ ಮಾತಾಡುವ ಗಡಿಯಾಚೆಯ ಭಕ್ತರು, “ಆತಾ ಆಮ್ಚೀ ಪಾಳಿ” ಎಂದು ತಮ್ಮ ಸರದಿಗಾಗಿ ತಳ್ಳಾಡಿದರು. ಒಳಗಿನಿಂದ ಶರಣಮ್ಮ ಕಿಟಕಿಗೆ ಬಾಯಿಟ್ಟು, “ನಿಧಾನ ತಿರುವ್ರಿ ಅಣ್ಣಾರ, ಇದು ಬಾವಿ ಅಲ್ಲ,” ಎಂದು ಕೂಗುತ್ತಿದ್ದಳು. ಗುರುಲಿಂಗಪ್ಪನವರು ಬಂದವರು ಕೊಡೆ ಮಡಚಿ, ಎರಡು ಗಳಿಗೆ ನಿಂತು ನೋಡಿ, ಧೋತರದ ಚುಂಗು ಎತ್ತಿ ಕಟ್ಟಿ ತಾವೂ ಒಂದು ಸರದಿ ತಿರುಗಿಸಿದರು. ಕಾಶೀಬಾಯಿಯ ಹಾಡು ಬೆಳಗಿನಿಂದ ಒಮ್ಮೆಯೂ ನಿಂತಿರಲಿಲ್ಲ. ನಾನು ಪಂಕ್ತಿಯ ನಡುವೆ ಓಡಾಡುತ್ತ ಆ ಹಾಡಿನ ಮೇಲೆಯೇ ಕಿವಿಯಿಟ್ಟಿದ್ದೆ.

ಸಮಿತಿಯವರು ಹಟಮಾಡಿ ಕೊನೆಯ ಪಂಕ್ತಿಯಲ್ಲಿ ಕುಳಿತರು. ಪುಂಡಿಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ ಬಡಿಸಿದ ಮೇಲೆ ರೊಟ್ಟಿಯ ಬುಟ್ಟಿ ಬಂತು. ಅಂಚು ಬಿರಿಯದ, ತೆಳ್ಳನೆಯ, ಬಿಸಿ ರೊಟ್ಟಿ. ಅಧ್ಯಕ್ಷರು ಒಂದು ತಿಂದು, ಎರಡನೆಯದಕ್ಕೆ ಕೈಚಾಚಿದರು. ಊಟ ಮುಗಿಸಿ ಅಡುಗೆಮನೆಯ ಬಾಗಿಲಿನ ಹೊರಗೆ ನಿಂತು ಕೇಳಿದರು:

“ಕಾಶೀಬಾಯಿ, ಇದರಾಗ ನಿನ್ನ ಕೈಯಂದು ಎಷ್ಟು, ಮಷೀನಂದು ಎಷ್ಟು?”

“ಅದು ನಾದತದ್ರಿ ಶೆಟ್ರ, ನಾ ಬಡೀತೀನಿ. ತಿರುವಿದೋರಾಗ ನೀವೂ ಇದ್ರಲ್ಲ. ಪಾಲು ಹ್ಯಾಂಗ ಮಾಡ್ತೀರಿ?”

ಅವರು ಮೀಸೆಯೊಳಗೆ ನಕ್ಕು, ನನ್ನ ಕಡೆಗೆ ತಿರುಗಿ ಹೇಳಿದರು: “ರೊಟ್ಟಿ ಇರಲಿ ಮಾಸ್ತರ್ರ. ಬರೂ ವರ್ಷಕ್ಕ ಜೋಳಾ ಜಾಸ್ತಿ ತರಸ್ರಿ.”

ಆಮೇಲೆ ಜನ ಕರಗಿದರು. ಮಳೆಯೂ ಹಗುರಾಯಿತು. ಖಾದರ್ ಸಾಹೇಬರು ಕಟ್ಟೆಯ ಮೇಲೆ ಕುಳಿತು ಊಟ ಮುಗಿಸಿ, ಚಕ್ರದ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಒಲೆ ಇನ್ನೂ ಕೆಂಪಗಿತ್ತು. ಕಾಶೀಬಾಯಿ ತನ್ನ ಪರಾತನ್ನು ಜಗದೇವಿಯ ಮುಂದಕ್ಕೆ ಸರಿಸಿ, ಉಳಿದ ಹಿಟ್ಟಿನಿಂದ ಒಂದು ಉಂಡೆ ಮಾಡಿ ಅದರಲ್ಲಿಟ್ಟಳು.

“ಶ್ರಾವಣ ಪೂರಾ ನಮ್ಮ ಕೈ ನೋಡಿದಿ. ಈಗ ನಿನ್ನ ಕೈ ನೋಡೂಣು. ಬಡಿ.”

ಹೆಂಗಸರೆಲ್ಲ ಬಂದು ಸುತ್ತ ಕುಳಿತರು. ಜಗದೇವಿ ಹಿಟ್ಟು ಉದುರಿಸಿ, ಎರಡೂ ಕೈಯಿಂದ ತಟ್ಟಿ ತಟ್ಟಿ ತಿರುಗಿಸಿದಳು. ರೊಟ್ಟಿ ಒಂದು ಕಡೆ ಅಗಲವಾಯಿತು, ಇನ್ನೊಂದು ಕಡೆ ದಪ್ಪವೇ ಉಳಿಯಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಅಂಚು ಬಾಯಿಬಿಟ್ಟಿತು. ಆಕೆ ಅದನ್ನು ಬೇಯಿಸಿ, ಬಿಸಿಬಿಸಿಯಾಗಿ ಎರಡೂ ಕೈಯಲ್ಲಿ ಹಿಡಿದು ಆಯಿಯ ಮುಂದಿಟ್ಟು ಕಾದಳು. ಖಾದರ್ ಸಾಹೇಬರೂ ಕಿಟಕಿಗೆ ಬಂದು ನಿಂತರು.

ಕಾಶೀಬಾಯಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

“ಅಂಚು ಹರದದ,” ಎಂದಳು. “ನಡುವ ದಪ್ಪ ಆಗ್ಯದ. ಎಡಗೈ ಭಾಳ ಅವಸರ ಮಾಡ್ತದ ನಿಂದು.”

ಹಾಗೆನ್ನುತ್ತ ಇನ್ನೊಂದು ಉಂಡೆ ಮಾಡಿ ಪರಾತಿನಲ್ಲಿಟ್ಟಳು. ಜಗದೇವಿ ಓಢಣಿಯ ತುದಿಯಿಂದ ಬೆವರೊರೆಸಿಕೊಂಡು, ಮತ್ತೆ ಹಿಟ್ಟು ಉದುರಿಸಿದಳು.